ಮೆಟಾಲಿಕಾ, ಕೆಸರು, ಕಂಡಕ್ಟರ್

ತುಮಕೂರಿನಿಂದ ಬೆಂಗಳೂರಿಗೆ ರಾಕ್ ಕಾನ್ಸರ್ಟ್ ನೋಡಲು ಹೋಗಿಬಂದವರನ್ನು 'ಹೇಗಿತ್ತಪ್ಪಾ?' ಎಂದು ಕೇಳಿ ನೋಡಿ. ಹಾಡಿನ ಮಾತು ಕೊನೆಗೆ ಬರುತ್ತದೆ, ಬಂದರೆ. ಮೊದಲು ಬರುವುದು ಮಳೆ. ಆಮೇಲೆ ನೀರಿನ ಬಾಟಲಿಯ ರೇಟು. ಗೇಟಿನಲ್ಲಿ ಬೆಲ್ಟ್ ಬಿಚ್ಚಿಸಿದ್ದು, ಸರಿಯಾಗಿ ಕಣ್ಣೆದುರಿಗೇ ಬಂದು ನಿಂತ ಆರಡಿ ಆಳು, ಗುಂಪಿನಲ್ಲಿ ಕೈತಪ್ಪಿಹೋದ ಗೆಳೆಯ. ಎಲ್ಲಕ್ಕಿಂತ ದೊಡ್ಡ ಅಧ್ಯಾಯ ವಾಪಸ್ ಬರುವ ಬಸ್ಸಿನದು. ಗಿಟಾರ್ ಹೇಗೆ ಬಾರಿಸಿದರು ಅಂತ ನೀವೇ ಬಾಯಿಬಿಟ್ಟು ಕೇಳಬೇಕು. 'ಅದೇನು ಸೂಪರ್ ಬಿಡಿ' ಎಂದು ಒಂದೇ ಮಾತಿನಲ್ಲಿ ಮುಗಿಸಿ ಮತ್ತೆ ಬಸ್ಸಿಗೇ ಬರುತ್ತಾರೆ.

ನಾನೂ ಇದೇ ಜಾತಿ. 2011ರ ಅಕ್ಟೋಬರ್ 30, ಭಾನುವಾರ, ಅರಮನೆ ಮೈದಾನದಲ್ಲಿ ಮೆಟಾಲಿಕಾ. 1981ರಲ್ಲಿ ಶುರುವಾದ ಬ್ಯಾಂಡು, ನಮ್ಮ ದೇಶಕ್ಕೆ ಬರಲು ಮೂವತ್ತು ವರ್ಷ ತೆಗೆದುಕೊಂಡಿತ್ತು. ಎರಡು ದಿನ ಮೊದಲು ದೆಹಲಿ ಪಕ್ಕದ ಗುರಗಾಂವ್‌ನಲ್ಲಿ ಆಗಬೇಕಿದ್ದ ಷೋ ನಿಂತುಹೋಗಿತ್ತು. ಮುಂದಿನ ಬ್ಯಾರಿಕೇಡ್ ಮುರಿದು, ಜನ ರೊಚ್ಚಿಗೆದ್ದು, ಗಲಾಟೆಯಾಗಿತ್ತು. ಹಾಗಾಗಿ ಭಾರತದಲ್ಲಿ ಅವರ ಮೊದಲ ಷೋ ಅನ್ನುವ ಹೆಸರು ಬೆಂಗಳೂರಿಗೇ ಬಂತು. ನಾವೆಲ್ಲ 'ಇಲ್ಲೂ ನಿಲ್ಲಿಸಿಬಿಟ್ಟರೆ?' ಎಂಬ ಭಯದಲ್ಲಿ ಬಹಳ ಒಳ್ಳೆಯ ಮಕ್ಕಳ ಹಾಗೆ ಸಾಲಿನಲ್ಲಿ ನಿಂತಿದ್ದೆವು. ರಾಕ್ ಪ್ರೇಕ್ಷಕರು ಅಷ್ಟು ವಿನಯದಿಂದ ಸಾಲಿನಲ್ಲಿ ನಿಂತಿದ್ದನ್ನು ನಾನು ಆಮೇಲೆ ನೋಡಿಲ್ಲ.

ಮಳೆ ಬಿದ್ದ ನೆಲ. ಸಾವಿರಾರು ಜನ ತುಳಿದು ಕೆಸರು ಹದವಾಗಿತ್ತು, ಇನ್ನೇನು ನಾಟಿ ಮಾಡಬಹುದು. ಕಾಲಿನ ಹತ್ತಿರ ಒಂದು ಸಣ್ಣ ಹೊಂಡದಲ್ಲಿ ನೀರು ನಿಂತಿತ್ತು. ಡ್ರಮ್ಮಿನ ಒಂದೊಂದು ಪೆಟ್ಟಿಗೂ ಆ ನೀರಿನ ಮೇಲೆ ಉಂಗುರ ಏಳುತ್ತಿತ್ತು. ಒಂದು ಉಂಗುರ ದಡ ಮುಟ್ಟುವುದರೊಳಗೆ ಇನ್ನೊಂದು. ಷರ್ಟಿನ ಬಟ್ಟೆ ಎದೆಯ ಮೇಲೆ ಅದುರುತ್ತಿತ್ತು. ಆಗ ನನ್ನ ಕಣ್ಣು ವೇದಿಕೆಯ ಮೇಲಿರಲಿಲ್ಲ, ಹೊಂಡದ ಮೇಲಿತ್ತು. ಅಷ್ಟು ದುಡ್ಡು ಕೊಟ್ಟು ಹೋಗಿ ನೀರು ನೋಡಿಕೊಂಡು ಬಂದೆಯಾ ಎಂದರೆ ಹೌದು, ನೋಡಿದೆ. ಆ ಹಾಡುಗಳನ್ನು ಕಾಲೇಜಿನ ದಿನಗಳಿಂದ ಟೇಪು ಸವೆಯುವಷ್ಟು ಕೇಳಿದ್ದೆ. ಕ್ಯಾಸೆಟ್ಟಿನಲ್ಲಿ ನೀರು ಅಲ್ಲಾಡುವುದಿಲ್ಲ, ಅಲ್ವಾ?

ಇನ್ನೊಂದು ಮಜಾ ಹಿಂದೆ ನಿಂತವರಿಗೆ ಮಾತ್ರ ಸಿಗುತ್ತದೆ. ಶಬ್ದ ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ. ವೇದಿಕೆಯಿಂದ 170 ಮೀಟರ್ ದೂರದಲ್ಲಿ ನಿಂತರೆ ಡ್ರಮ್ ಬಾರಿಸಿದ್ದು ಮೊದಲು ಪರದೆಯಲ್ಲಿ ಕಾಣುತ್ತದೆ, ಕೇಳುವುದು ಅರ್ಧ ಸೆಕೆಂಡ್ ತಡವಾಗಿ. ಹಿಂದಿನವರಿಗಾಗಿ ಮಧ್ಯೆ ಕಂಬ ಎಬ್ಬಿಸಿ ಸ್ಪೀಕರ್ ತೂಗುಹಾಕಿರುತ್ತಾರಲ್ಲ, ಅದಕ್ಕೂ ಧ್ವನಿಯನ್ನು ಬೇಕೆಂದೇ ಚೂರು ತಡಮಾಡಿ ಕಳಿಸುತ್ತಾರೆ. ಮುಂದಿನಿಂದ ಗಾಳಿಯಲ್ಲಿ ಬರುವ ಶಬ್ದಕ್ಕೂ ಅದಕ್ಕೂ ತಾಳೆಯಾಗಬೇಕಲ್ಲ. ಆದರೆ ಜನರ ಚಪ್ಪಾಳೆಗೆ ಇಂಥ ಏರ್ಪಾಡು ಯಾರೂ ಮಾಡಲಾರರು. ಮುಂದಿನವರು ಒಂದು ತಟ್ಟಿದರೆ ಹಿಂದಿನವರದು ಆಮೇಲೆ ಬರುತ್ತದೆ. ಮೈದಾನದಲ್ಲಿ ಎಲ್ಲರದೂ ಒಂದೇ ತಾಳ ಎಂದು ಬರೆಯುವವರು ಪಾಸ್ ಇಟ್ಟುಕೊಂಡು ಮುಂದೆ ನಿಂತವರೇ ಇರಬೇಕು.

ಕೇಳುವವರು ಮಾಡಿದ್ದೇ ನೆನಪಿನಲ್ಲಿ ಉಳಿಯುವುದು ಎಂಬ ನನ್ನ ವಾದಕ್ಕೆ ಗೆಳೆಯನೊಬ್ಬ ಬಲವಾದ ಸಾಕ್ಷಿ. ಅವನು 2007ರ ಮಾರ್ಚ್ 17ಕ್ಕೆ ಅದೇ ಮೈದಾನದಲ್ಲಿ ಐರನ್ ಮೇಡನ್ ನೋಡಿದವನು. ಅವರ 'ಫಿಯರ್ ಆಫ್ ದ ಡಾರ್ಕ್' ಹಾಡಿನಲ್ಲಿ ಗಿಟಾರಿನದೊಂದು ಮಟ್ಟಿದೆ. ಲೋಕದಲ್ಲಿ ಎಲ್ಲೇ ಹೋದರೂ ಅದನ್ನು ಜನ 'ಓ ಓ ಓ' ಎಂದು ಗಿಟಾರಿನ ಜೊತೆಗೇ ಹಾಡುತ್ತಾರೆ. ಪದವಿಲ್ಲ, ಆದ್ದರಿಂದ ತಪ್ಪುವ ಭಯವೂ ಇಲ್ಲ. ಇಂಗ್ಲಿಷ್ ಬರಲಿ ಬಿಡಲಿ, ಅಷ್ಟು ಹೊತ್ತು ಎಲ್ಲರೂ ಹಾಡುಗಾರರು. ಇವನು ಮೂರು ದಿನ ಗಂಟಲು ಕಟ್ಟಿಕೊಂಡು ಸನ್ನೆಯಲ್ಲೇ ಕಥೆ ಹೇಳಿದ. ಜೊತೆಗೆ ಎಡ್ಡಿಯ ಕಥೆ. ಎಡ್ಡಿ ಅಂದರೆ ಆ ಬ್ಯಾಂಡಿನ ಭೂತ. ಆಳಿಗಿಂತ ಎಷ್ಟೋ ಎತ್ತರದ ಬೊಂಬೆ, ಷೋ ನಡುವೆ ವೇದಿಕೆಗೆ ನಡೆದುಕೊಂಡು ಬರುತ್ತದೆ. 'ಇಂಥದ್ದು ಎಲ್ಲಾದರೂ ಉಂಟಾ!' ಎಂದು ಅವನು ಕಣ್ಣರಳಿಸಿದಾಗ ನನಗೆ ನಗು ಬಂತು. ಇಲ್ಲಿಂದ ಸುಮಾರು ಇಪ್ಪತ್ತು ಕಿಲೋಮೀಟರ್ ದೂರದ ಗುಬ್ಬಿಯಲ್ಲಿ 1884ರಲ್ಲಿ ಹುಟ್ಟಿದ ನಾಟಕ ಕಂಪನಿ, ವೀರಣ್ಣನವರ ಕಾಲದಲ್ಲಿ ಕುರುಕ್ಷೇತ್ರ ಆಡುವಾಗ ನಿಜವಾದ ಆನೆ, ಕುದುರೆಗಳನ್ನೇ ರಂಗಕ್ಕೆ ತಂದಿತ್ತು. ಬೊಂಬೆಯೇನು ಮಹಾ!

ಕುರುಕ್ಷೇತ್ರ ನಮ್ಮ ಕಡೆ ಇನ್ನೂ ಜೀವಂತ. ತುಮಕೂರು ಸುತ್ತಿನ ಹಳ್ಳಿಗಳಲ್ಲಿ ಸುಗ್ಗಿ ಮುಗಿದ ಮೇಲೆ ಯಾವುದಾದರೂ ಒಂದು ಊರಲ್ಲಿ ಸೀನರಿ ಕಟ್ಟಿರುತ್ತಾರೆ. ಪಾರ್ಟು ಮಾಡುವವರು ತಾವೇ ದುಡ್ಡು ಕೊಟ್ಟು ಪಾರ್ಟು ಹಿಡಿಯುತ್ತಾರೆ. ಕೃಷ್ಣ, ದುರ್ಯೋಧನ ಅಂದರೆ ರೇಟು ಜಾಸ್ತಿ. ಆಸೆಪಟ್ಟವರು ಹೆಚ್ಚಾದರೆ ಒಂದೇ ರಾತ್ರಿಗೆ ಇಬ್ಬರು ಮೂವರು ಕೃಷ್ಣರು. ಮೊದಲ ಕೃಷ್ಣ ಕುಳ್ಳಗೆ ಕಪ್ಪಗಿದ್ದು, ಎರಡನೇ ಕೃಷ್ಣ ಎತ್ತರಕ್ಕೆ ಬೆಳ್ಳಗಿದ್ದರೂ ಯಾರೂ ತಕರಾರು ತೆಗೆಯುವುದಿಲ್ಲ. ಐರನ್ ಮೇಡನ್‌ನಲ್ಲೂ ಹಾಡುವವರು ಬದಲಾಗಿದ್ದಾರೆ. ಬ್ರೂಸ್ ಡಿಕಿನ್ಸನ್ 1993ರಲ್ಲಿ ಬಿಟ್ಟುಹೋಗಿ 1999ರಲ್ಲಿ ವಾಪಸ್ ಬಂದ. ಅದಕ್ಕೆ ಅಭಿಮಾನಿಗಳು ಇವತ್ತಿಗೂ ಜಗಳವಾಡುತ್ತಾರೆ. ನಮ್ಮ ಹಳ್ಳಿಯವರಿಂದ ಕಲಿಯುವುದು ಬಹಳ ಇದೆ.

ನಾಟಕದಲ್ಲಿ ರಾಜ ಅಂದರೆ ದುರ್ಯೋಧನ ಅಲ್ಲ, ಹಾರ್ಮೋನಿಯಂ ಮಾಸ್ಟ್ರು. ರಂಗದ ಎದುರಿಗೆ ಕಾಲು ಹಾರ್ಮೋನಿಯಂ ಇಟ್ಟುಕೊಂಡು ಕೂತಿರುತ್ತಾರೆ. ತೊಡೆ ಮುರಿದುಕೊಂಡು ಬಿದ್ದ ದುರ್ಯೋಧನ ಕೊನೆಯ ಕಂದ ಹಾಡಿ ಕಣ್ಣು ಮುಚ್ಚುತ್ತಾನೆ. ಹಿಂದಿನಿಂದ ಒಬ್ಬ 'ಒನ್ಸ್ ಮೋರ್!' ಎಂದು ಕೂಗುತ್ತಾನೆ. ಇನ್ನು ನಾಲ್ಕು ಜನ ಸೇರಿಕೊಳ್ಳುತ್ತಾರೆ. ದುರ್ಯೋಧನ ಒಂದು ಕಣ್ಣು ತೆರೆದು ಮಾಸ್ಟ್ರ ಮುಖ ನೋಡುತ್ತಾನೆ. ಮಾಸ್ಟ್ರು ತಲೆಯಾಡಿಸಿ ಶ್ರುತಿ ಹಿಡಿದರೆ ಎದ್ದು, ಕಿರೀಟ ಸರಿಮಾಡಿಕೊಂಡು, ಇನ್ನೊಮ್ಮೆ ಹಾಡಿ, ಇನ್ನೊಮ್ಮೆ ಸಾಯುತ್ತಾನೆ. ಅಷ್ಟರಲ್ಲಿ ಯಾರೋ ಭಾವಮೈದ ರಂಗ ಹತ್ತಿ ಎದೆಗೆ ನೋಟು ಪಿನ್ ಮಾಡಿ ಹೋಗುತ್ತಾನೆ.

ರಾಕ್‌ನವರಲ್ಲೂ ಇದಿದೆ, ಆದರೆ ಅದರಲ್ಲಿ ಸ್ವಲ್ಪ ನಾಟಕ ಜಾಸ್ತಿ. ಬ್ಯಾಂಡಿನವರು 'ಗುಡ್ ನೈಟ್' ಹೇಳಿ ಒಳಗೆ ಹೋಗುತ್ತಾರೆ. ಜನ ಕೂಗುತ್ತಾರೆ. ಅವರು ಮನಸ್ಸು ಕರಗಿದವರ ಹಾಗೆ ವಾಪಸ್ ಬರುತ್ತಾರೆ. ಆದರೆ ಯಾವ ಹಾಡಿಗೆ ವಾಪಸ್ ಬರಬೇಕು ಎಂದು ಬರೆದ ಚೀಟಿಯನ್ನು ಮೊದಲೇ ವೇದಿಕೆಯ ನೆಲಕ್ಕೆ ಅಂಟಿಸಿರುತ್ತಾರೆ. ಎಲ್ಲರಿಗೂ ಇಷ್ಟವಾದ ಹಾಡನ್ನು ಅದಕ್ಕೇ ಎತ್ತಿಟ್ಟಿರುತ್ತಾರೆ. ಬೆಂಗಳೂರಿನವರಿಗೆ ಇದು ಸರಿ. ತುಮಕೂರಿನವರಿಗೆ ಅದೇ ಹೊತ್ತಿಗೆ ಬಸ್ಸಿನ ಚಿಂತೆ. ಮೇಖ್ರಿ ಸರ್ಕಲ್‌ನಿಂದ ಹೇಗಾದರೂ ಗೊರಗುಂಟೆಪಾಳ್ಯ ಸೇರಬಹುದು. ಅಲ್ಲಿ ರಾತ್ರಿಯಿಡೀ ಬಸ್ಸುಗಳಿವೆ. ಶಿವಮೊಗ್ಗ, ದಾವಣಗೆರೆ, ಹುಬ್ಬಳ್ಳಿ, ಎಲ್ಲವೂ ನಮ್ಮೂರಿನ ಮೇಲೇ ಹೋಗಬೇಕು. ಆದರೆ ಬಾಗಿಲಲ್ಲಿ ನಿಂತ ಕಂಡಕ್ಟರ್ ದೂರದಿಂದಲೇ ನಮ್ಮನ್ನು ಗುರುತು ಹಿಡಿಯುತ್ತಾರೆ. 'ತುಮಕೂರಿನವರು ಹತ್ತಬೇಡಿ!' ಹಣೆಯ ಮೇಲೆ ಬರೆದಿದೆಯೋ ಏನೋ. ಮೊಣಕಾಲವರೆಗೆ ಕೆಸರು ಬೇರೆ. ಜೋರಾಗಿ 'ದಾವಣಗೆರೆ!' ಎಂದು ಹತ್ತಿ, ಟಿಕೆಟ್ ಕೊಡುವಾಗ ದನಿ ಇಳಿಸಿ 'ತುಮಕೂರು' ಎನ್ನುವ ಗೆಳೆಯರೂ ನನಗಿದ್ದಾರೆ. ಅವರ ಹೆಸರು ಹೇಳುವುದಿಲ್ಲ.

ಬೇಗ ಎದ್ದುಹೋಗುವುದು ನಮ್ಮ ಊರಿನ ರೋಗವೇನೂ ಅಲ್ಲ. 1969ರ ಆಗಸ್ಟ್‌ನಲ್ಲಿ ಅಮೆರಿಕದ ವುಡ್‌ಸ್ಟಾಕ್ ಸಂಗೀತ ಮೇಳದಲ್ಲಿ ಸುಮಾರು ನಾಲ್ಕು ಲಕ್ಷ ಜನ ಸೇರಿದ್ದರು. ಭಾನುವಾರ ಮುಗಿಯಬೇಕಿತ್ತು. ಮಳೆ ಬಂದು ಎಲ್ಲ ತಡವಾಗಿ, ಕೊನೆಯವನಾದ ಜಿಮಿ ಹೆಂಡ್ರಿಕ್ಸ್ ವೇದಿಕೆಗೆ ಬಂದಾಗ ಸೋಮವಾರ ಬೆಳಗಾಗಿತ್ತು. ಅಷ್ಟರಲ್ಲಿ ಬಹುಪಾಲು ಜನ ಮನೆ ದಾರಿ ಹಿಡಿದಿದ್ದರು. ಇವತ್ತು ಲೋಕವೆಲ್ಲ ಕೊಂಡಾಡುವ ಆ ಗಿಟಾರನ್ನು ಎದುರಿಗೆ ಕೂತು ಕೇಳಿದ್ದು ಉಳಿದ ಸ್ವಲ್ಪ ಜನ. ಹೋದವರಿಗೆ ಸೋಮವಾರ ಕೆಲಸವಿತ್ತೋ, ಹೊಟ್ಟೆ ಹಸಿದಿತ್ತೋ. ನನಗೆ ಅವರ ಮೇಲೆ ಪೂರ್ತಿ ಸಹಾನುಭೂತಿ ಇದೆ.

ಅದೇ ವುಡ್‌ಸ್ಟಾಕ್‌ನಲ್ಲಿ ಮೊದಲ ದಿನ ಮಳೆಯಲ್ಲೇ ಸಿತಾರ್ ನುಡಿಸಿದವರು ಪಂಡಿತ್ ರವಿಶಂಕರ್. ಎರಡು ವರ್ಷದ ನಂತರ, 1971ರ ಆಗಸ್ಟ್ 1ಕ್ಕೆ, ಬಾಂಗ್ಲಾದೇಶದ ನಿರಾಶ್ರಿತರಿಗಾಗಿ ನ್ಯೂಯಾರ್ಕ್‌ನಲ್ಲಿ ನಡೆದ ಕಾರ್ಯಕ್ರಮದಲ್ಲಿ ಅವರು ಸಿತಾರಿನ ಶ್ರುತಿ ಸರಿಮಾಡಿಕೊಂಡರು. ಅಷ್ಟಕ್ಕೇ ಸಭೆ ಚಪ್ಪಾಳೆ ತಟ್ಟಿತು! ಶ್ರುತಿ ಮಾಡಿದ್ದೇ ಇಷ್ಟವಾದರೆ ನುಡಿಸುವುದು ಇನ್ನೂ ಇಷ್ಟವಾಗಬಹುದು ಎಂದು ಅವರು ನಗುತ್ತಾ ಹೇಳಿದರಂತೆ. ಅಂತೆ ಏನು, ರೆಕಾರ್ಡಿನಲ್ಲೇ ಇದೆ. ಆಮೇಲೆ ನುಡಿಸಿದ್ದನ್ನು ಎಷ್ಟು ಜನ ಪೂರ್ತಿ ಕೇಳಿದ್ದಾರೋ, ಈ ಕಥೆ ಮಾತ್ರ ಎಲ್ಲರಿಗೂ ಬಾಯಿಪಾಠ. ಬಾಬ್ ಡಿಲನ್‌ದೂ ಹೀಗೇ. 1966ರ ಮೇ ತಿಂಗಳಲ್ಲಿ ಮ್ಯಾಂಚೆಸ್ಟರ್‌ನಲ್ಲಿ, ಇವನು ಜನಪದ ಬಿಟ್ಟು ಎಲೆಕ್ಟ್ರಿಕ್ ಗಿಟಾರ್ ಹಿಡಿದನಲ್ಲ ಎಂಬ ಸಿಟ್ಟಿಗೆ ಸಭೆಯಿಂದ ಒಬ್ಬ 'ಜೂದಾಸ್!' ಎಂದು ಕಿರುಚಿದ. ಏಸುವಿಗೆ ಮೋಸ ಮಾಡಿದವನ ಹೆಸರು. ಒಂದೇ ಒಂದು ಪದ. ಟಿಕೆಟ್ ತೆಗೆದುಕೊಂಡು ಬಂದವನ ಆ ಒಂದು ಪದ ಇವತ್ತಿಗೂ ಚರಿತ್ರೆಯಲ್ಲಿದೆ.

ಹಾಗಂತ ಕೇಳುವವರೇ ಎಲ್ಲ ಎನ್ನುವುದಕ್ಕೂ ಹೋಗಬಾರದು. 1965ರಲ್ಲಿ ಬೀಟಲ್ಸ್ ನ್ಯೂಯಾರ್ಕ್‌ನ ಶೇ ಸ್ಟೇಡಿಯಂನಲ್ಲಿ ಹಾಡಿದಾಗ 55 ಸಾವಿರಕ್ಕೂ ಜಾಸ್ತಿ ಜನ ಎಷ್ಟು ಕಿರುಚಿದರೆಂದರೆ, ತಾವು ಏನು ಬಾರಿಸುತ್ತಿದ್ದೇವೆ ಎಂಬುದು ಬೀಟಲ್ಸ್‌ಗೇ ಕೇಳುತ್ತಿರಲಿಲ್ಲ. ಮರುವರ್ಷ ಊರೂರು ತಿರುಗಿ ಹಾಡುವುದನ್ನೇ ಬಿಟ್ಟರು. ಕಿರುಚಾಟವೊಂದೇ ಕಾರಣವಲ್ಲ, ಆದರೆ ಅದೂ ಒಂದು. ನಡುವೆ ಉಸಿರಾಡಲು ಜಾಗ ಬೇಕು. ರಘು ದೀಕ್ಷಿತ್‌ಗೆ ಇದು ಚೆನ್ನಾಗಿ ಗೊತ್ತು. ಮೈಸೂರಿನಲ್ಲಿ ಬೆಳೆದವರು, ಪಂಚೆ ಉಟ್ಟು ಗೆಜ್ಜೆ ಕಟ್ಟಿ ಶಿಶುನಾಳ ಷರೀಫರ ತತ್ವಪದವನ್ನು ಗಿಟಾರಿನಲ್ಲಿ ಎತ್ತಿಕೊಳ್ಳುತ್ತಾರೆ. ಒಂದು ಸಾಲು ಹಾಡಿ ಮುಂದಿನದನ್ನು ಜನರಿಗೆ ಬಿಟ್ಟುಕೊಡುತ್ತಾರೆ. ನಮ್ಮ ಭಜನೆಯವರೂ ಇದನ್ನೇ ಮಾಡುತ್ತಿದ್ದದ್ದು. ಒಂದೇ ವ್ಯತ್ಯಾಸ, ಭಜನೆ ಮುಗಿದ ಮೇಲೆ ಚರುಪು ಕೊಡುತ್ತಿದ್ದರು.

ಈಗ ಕಾನ್ಸರ್ಟುಗಳೇ ನಮ್ಮ ಕಡೆಗೆ ಸರಿಯುತ್ತಿವೆ. 2025ರ ಫೆಬ್ರವರಿಯಲ್ಲಿ ಎಡ್ ಶೀರನ್ ಹಾಡಿದ್ದು ತುಮಕೂರು ರಸ್ತೆಯ ಮಾದಾವರದಲ್ಲಿ. (ರಾಕ್ ಅಲ್ಲ, ಪಾಪ್. ಇರಲಿ.) ಮೆಟ್ರೋ ಕೂಡ ಅಲ್ಲಿಯವರೆಗೆ ಬಂದಿದೆ. ನಮಗೆ ಗೊರಗುಂಟೆಪಾಳ್ಯದ ಕಾಟವೇ ತಪ್ಪಿತು. ಅವನು ಎರಡು ದಿನ ಅಲ್ಲಿ ಏನೇನು ಹಾಡಿದ ಎಂದು ಕೇಳಿದರೆ ಜನ ತಲೆ ಕೆರೆದುಕೊಳ್ಳುತ್ತಾರೆ. ಆದರೆ ಭಾನುವಾರ ಬೆಳಿಗ್ಗೆ ಚರ್ಚ್ ಸ್ಟ್ರೀಟ್‌ನ ಫುಟ್‌ಪಾತ್ ಮೇಲೆ ನಿಂತು ಹಾಡುತ್ತಿದ್ದಾಗ ಪೊಲೀಸಪ್ಪ ಬಂದು ವೈರು ಕಿತ್ತಿದ್ದು ಯಾರಿಗೆ ಗೊತ್ತಿಲ್ಲ? ಆ ವಿಡಿಯೋ ನೋಡದವರಿಲ್ಲ. ನನ್ನ ವಾದಕ್ಕೆ ಇನ್ನೇನು ಸಾಕ್ಷಿ ಬೇಕು!

ಫೋನು ಎತ್ತಿ ಹಿಡಿದುಕೊಂಡೇ ಷೋ ನೋಡುವವರನ್ನು ಬೈಯುವುದು ಈಗಿನ ವಾಡಿಕೆ. ನಾನು ಬೈಯುವುದಿಲ್ಲ. ಹೊಂಡದ ನೀರು ನೋಡಿ ಬಂದವನಿಗೆ ಆ ಹಕ್ಕಿಲ್ಲ. ಅವರು ಮಾಡಿಕೊಂಡ ವಿಡಿಯೋಗಳಲ್ಲಿ ಕೇಳುವುದು ಹಾಡುಗಾರನ ದನಿಗಿಂತ ಪಕ್ಕದವನ ಅಪಸ್ವರ. ಅದೇ ಸರಿ. ಹಾಡುಗಾರನದು ಬೇಕಾದರೆ ಎಲ್ಲ ಕಡೆ ಸಿಗುತ್ತದೆ, ಪಕ್ಕದವನದು ಅಲ್ಲಿ ಬಿಟ್ಟರೆ ಇನ್ನೆಲ್ಲೂ ಸಿಗುವುದಿಲ್ಲ.

ಅಕ್ಕನ ಮಗ ಮಾದಾವರದ ಟಿಕೆಟ್ ಬುಕ್ ಮಾಡಿದ ದಿನ ಮನೆಯಲ್ಲಿ ಪಂಚಾಯ್ತಿ ನಡೆಯಿತು. ರೇಟು ಕೇಳಿ ಭಾವ ಎದ್ದು ಒಳಗೆ ಹೋದರು. ಅಜ್ಜಿ ಮಾತ್ರ ಅವರೆಕಾಯಿ ಬಿಡಿಸುತ್ತಾ ವಿಚಾರಣೆ ಮುಂದುವರಿಸಿತು.

'ಕೂತ್ಕಳಕ್ಕೆ ಕುರ್ಚಿ ಕೊಡ್ತಾರೇನ್ಲಾ?'

'ಇಲ್ಲ ಅಜ್ಜಿ, ನಿಂತ್ಕೊಂಡೇ ನೋಡ್ಬೇಕು.'

'ಎಷ್ಟೊತ್ತಿಗೆ ಮುಗಿಯುತ್ತೆ?'

'ಹತ್ತಕ್ಕೆ. ಹತ್ತು ಗಂಟೆ ಮೇಲೆ ಮೈಕ್ ಹಾಕಂಗಿಲ್ಲ, ರೂಲ್ಸು.'

ಅಜ್ಜಿ ಮೊರ ಪಕ್ಕಕ್ಕಿಟ್ಟು ಅವನನ್ನು ಮೇಲಿಂದ ಕೆಳಗೆ ನೋಡಿತು.

'ಹತ್ತಕ್ಕೇ ಮುಗಿಯೋ ಆಟಕ್ಕೆ ಅಷ್ಟು ದುಡ್ಡು ಕೊಟ್ಟು ಬಂದಿದ್ದೀಯಾ? ನಮ್ಮ ಕಾಲ್ದಾಗೆ ಹತ್ತಕ್ಕೆ ಗಣಪತಿ ಪ್ರಾರ್ಥನೆ ಆಗ್ತಿತ್ತು ಕಣ್ಲಾ!'