ಜೇಬಿರುವ ಲಂಗ

ಗಂಡಸರಿಗೂ ಲಂಗ ಎಂಬ ಮಾತು ಫ್ಯಾಷನ್ ಲೋಕದಲ್ಲಿ ಆಗಾಗ ಎದ್ದು ಕುಳಿತು, ನಾಲ್ಕು ದಿನ ಸದ್ದು ಮಾಡಿ, ಮತ್ತೆ ಮಗ್ಗುಲು ಬದಲಿಸಿ ಮಲಗಿಬಿಡುತ್ತದೆ. ಫ್ರೆಂಚ್ ವಿನ್ಯಾಸಕಾರ ಜ್ಯಾಂ ಪಾಲ್ ಗೋತಿಯೇ 1985ರ ತಮ್ಮ ಸಂಗ್ರಹದಲ್ಲಿ ಗಂಡಸರಿಗೆಂದೇ ಲಂಗ ಹೊಲಿಸಿದರು. 2003ರಲ್ಲಿ ನ್ಯೂಯಾರ್ಕಿನ ಮೆಟ್ರೋಪಾಲಿಟನ್ ಮ್ಯೂಸಿಯಂ ಲಂಗ ತೊಟ್ಟ ಗಂಡಸರ ಮೇಲೆಯೇ ಒಂದು ಪ್ರದರ್ಶನ ಏರ್ಪಡಿಸಿತು. 2022ರಲ್ಲಿ ನಟ ಬ್ರಾಡ್ ಪಿಟ್ ಬರ್ಲಿನ್ನಿನಲ್ಲಿ ತಮ್ಮ ಚಿತ್ರದ ಪ್ರದರ್ಶನಕ್ಕೆ ಮಂಡಿ ಉದ್ದದ ಲಂಗದಲ್ಲಿ ಬಂದಿಳಿದರು. ಏಕೆಂದು ಕೇಳಿದವರಿಗೆ ಗಾಳಿಯಾಡುತ್ತದೆ ಎಂಬರ್ಥದ ಉತ್ತರ ಕೊಟ್ಟರು. ಇಷ್ಟೆಲ್ಲ ಆದ ಮೇಲೂ ಬೀದಿಗೆ ಬಂದು ನೋಡಿದರೆ ಪ್ಯಾಂಟೇ ಪ್ಯಾಂಟು.

ವೇದಿಕೆಯ ಲಂಗ ಬೀದಿಗೆ ಇಳಿಯದಿರುವುದಕ್ಕೆ ಗಂಡಸರ ಸಂಕೋಚವನ್ನು ದೂರುವುದು ವಾಡಿಕೆ. ನನ್ನ ಅನುಮಾನ ಬೇರೆ. ಆ ಲಂಗ ಬಾಯಿ ಮುಚ್ಚಿಕೊಂಡು ಇರುವುದೇ ಇಲ್ಲ. ಪ್ಯಾಂಟಿನ ದೊಡ್ಡ ಗುಣವೆಂದರೆ ಅದಕ್ಕೆ ಹೇಳುವುದೇನೂ ಇಲ್ಲ. ಬೆಳಿಗ್ಗೆ ಅರೆನಿದ್ದೆಯಲ್ಲಿ ಕಾಲು ತೂರಿಸಿ ಹೊರಟರೆ ಸಂಜೆಯವರೆಗೂ ಅದರ ನೆನಪು ತೊಟ್ಟವನಿಗೂ ಇಲ್ಲ, ಕಂಡವರಿಗೂ ಇಲ್ಲ. ಲಂಗ ತೊಟ್ಟವನು ಹೊಸಿಲು ದಾಟಿದ್ದೇ ತಡ, ಜವಾಬು ಕೊಡುತ್ತಾ ಸಾಗಬೇಕು. ಪಂಥ ಕಟ್ಟಿದ್ದೀರಾ? ಪ್ರತಿಭಟನೆಯೇ? ಪ್ಯಾಂಟು ಒಗೆಯಲು ಹಾಕಿದ್ದೀರಾ?

ಹಾಗೆ ನೋಡಿದರೆ ನಡುವೆ ಬಂದು ಮನೆ ಹಿಡಿದದ್ದು ಪ್ಯಾಂಟೇ. ಪಶ್ಚಿಮ ಚೀನಾದ ತುರ್ಫಾನ್ ಬಳಿಯ ಗೋರಿಗಳಲ್ಲಿ ಸುಮಾರು 3000 ವರ್ಷ ಹಳೆಯ ಉಣ್ಣೆಯ ಪ್ಯಾಂಟುಗಳು ಸಿಕ್ಕಿವೆ. ಅವು ಕುದುರೆ ಸವಾರರದ್ದು ಎಂದು ವಿದ್ವಾಂಸರು ಹೇಳುತ್ತಾರೆ. ಕುದುರೆಯ ಬೆನ್ನಿಗೆ ತೊಡೆ ಉಜ್ಜಿ ಸಿಪ್ಪೆ ಏಳದಿರಲಿ ಎಂದು ಹುಟ್ಟಿದ ಉಡುಪನ್ನು ಜೀವಮಾನದಲ್ಲಿ ಕುದುರೆ ಹತ್ತದ ಗಂಡಸರು ಕುರ್ಚಿಯ ಮೇಲೆ ಕುಳಿತು ಸವೆಸುತ್ತಿದ್ದಾರೆ. ರೋಮನ್ನರಂತೂ ಮಂಡಿ ಮುಟ್ಟುವ ನಿಲುವಂಗಿಯಲ್ಲೇ ಸಾಮ್ರಾಜ್ಯ ಕಟ್ಟಿದವರು. ಪ್ಯಾಂಟು ಅನಾಗರಿಕರ ಉಡುಪೆಂದು ಮೂಗು ಮುರಿದು, 4ನೇ ಶತಮಾನದ ಕೊನೆಗೆ ರೋಮ್ ನಗರದೊಳಗೆ ಅದನ್ನು ಹಾಕಿಕೊಳ್ಳಕೂಡದೆಂದು ಕಾನೂನನ್ನೇ ತಂದರು. ಕಾನೂನು ತರಬೇಕಾಯಿತು ಎಂದರೆ ಆಗಲೇ ಊರ ತುಂಬ ಪ್ಯಾಂಟು ಓಡಾಡುತ್ತಿತ್ತು ಎಂದೇ ಅರ್ಥ. ಇನ್ನು ಪುಟ್ಟ ಹುಡುಗರು ಯುರೋಪು, ಅಮೆರಿಕಗಳಲ್ಲಿ 20ನೇ ಶತಮಾನದ ಆರಂಭದವರೆಗೂ ಲಂಗದಲ್ಲೇ ಬೆಳೆದರು. ಮುಂದೆ ಅಮೆರಿಕದ ಅಧ್ಯಕ್ಷರಾದ ಫ್ರಾಂಕ್ಲಿನ್ ರೂಸ್ವೆಲ್ಟ್ ಅವರ 1884ರ ಫೋಟೋ ಒಂದಿದೆ: ಬಿಳಿ ಲಂಗ, ಮಿರುಗುವ ಬೂಟು, ಭುಜದವರೆಗಿನ ಕೂದಲು. ಆ ಕಾಲದಲ್ಲಿ ಅದನ್ನು ಕಂಡು ಹುಬ್ಬೇರಿಸಿದವರಿಲ್ಲ.

ಸ್ಕಾಟ್ಲೆಂಡಿನ ಗಂಡಸರು ತೊಡುವ ಕಿಲ್ಟ್ ಇದೆಯಲ್ಲ ಎನ್ನಬಹುದು. ಇದೆ, ಆದರೆ ಅದನ್ನು ಲಂಗ ಎಂದು ಕರೆದರೆ ತೊಟ್ಟವರ ಮುಖ ಕೆಂಪಾಗುತ್ತದೆ. ಅದರ ಹೊಲಿಗೆಯನ್ನು ಹತ್ತಿರದಿಂದ ನೋಡಬೇಕು. ಎಂಟು ಗಜದಷ್ಟು ಉಣ್ಣೆಯ ಬಟ್ಟೆ. ಮುಂಭಾಗ ಒಂದರ ಮೇಲೊಂದು ಬರುವ ಎರಡು ಸಪಾಟು ಪದರ. ನಿರಿಗೆಗಳೆಲ್ಲ ಹಿಂದೆ, ಚೌಕಳಿಯ ಗೆರೆ ಎಲ್ಲೂ ಕೆಡದಂತೆ ಒಂದೊಂದನ್ನೂ ಲೆಕ್ಕ ಹಾಕಿ ಮಡಿಸಿ ಹೊಲಿದದ್ದು. ಸೊಂಟದ ಪಕ್ಕದಲ್ಲಿ ಚರ್ಮದ ಪಟ್ಟಿ, ಬಕಲ್. ಜೇಬಿಲ್ಲವಾದ್ದರಿಂದ ಎದುರಿಗೆ ಸರಪಳಿಯಲ್ಲಿ ತೂಗುವ ಸ್ಪೋರನ್ ಎಂಬ ಚೀಲ. ಕುಳಿತುಕೊಳ್ಳುವಾಗ ಹಿಂದಿನ ನಿರಿಗೆಯನ್ನು ಅಂಗೈಯಿಂದ ಕೆಳಕ್ಕೆ ಸವರಿಕೊಂಡೇ ಕೂರಬೇಕು. ಬ್ರಿಟಿಷ್ ಸಂಸತ್ತು 1746ರಲ್ಲಿ, ದಂಗೆಯ ನಂತರ, ಸ್ಕಾಟ್ಲೆಂಡಿನ ಗುಡ್ಡಗಾಡಾದ ಹೈಲ್ಯಾಂಡಿನವರಿಗೆ ಈ ಉಡುಪನ್ನು ನಿಷೇಧಿಸಿ, 1782ರಲ್ಲಿ ನಿಷೇಧ ತೆಗೆಯಿತು. ದಂಗೆಕೋರರ ಬಟ್ಟೆ ಎನಿಸಿಕೊಂಡ ಮೇಲೆ ಅದಕ್ಕೆ ಶೌರ್ಯದ ಕಳೆ ಬಾರದಿರುತ್ತದೆಯೇ? ಗ್ರೀಸಿನ ಅಧ್ಯಕ್ಷರ ಕಾವಲುಗಾರರು ತೊಡುವ ಫುಸ್ತನೆಲ್ಲಾ ಎಂಬ ಬಿಳಿ ಲಂಗಕ್ಕೆ 400 ನಿರಿಗೆ. ತುರ್ಕರ ಆಳ್ವಿಕೆಯ 400 ವರ್ಷಗಳ ನೆನಪಿಗೆ ಎಂಬ ಹೇಳಿಕೆಯುಂಟು. ಒಟ್ಟಿನಲ್ಲಿ ಹೆಗಲಲ್ಲೊಂದು ಕೋವಿಯಿದ್ದರೆ ಲಂಗ ಕಂಡು ಯಾರೂ ನಗುವುದಿಲ್ಲ.

ಕೋವಿಯಿಲ್ಲದ ಸಾಮಾನ್ಯನ ಪಾಡೇ ಬೇರೆ. 2017ರ ಜೂನ್‌ನ ಬಿಸಿಲಿಗೆ ಫ್ರಾನ್ಸಿನ ನಾಂತ್ ನಗರದ ಬಸ್ ಚಾಲಕರು ಬೆಂದುಹೋದರು. ಚಡ್ಡಿ ಹಾಕಲು ಅಪ್ಪಣೆಯಿಲ್ಲ, ಆದರೆ ಮಹಿಳಾ ಸಹೋದ್ಯೋಗಿಗಳ ಸಮವಸ್ತ್ರದಲ್ಲಿ ಲಂಗವಿದೆ. ಕೆಲವರು ಅದನ್ನೇ ತೊಟ್ಟು ಕೆಲಸಕ್ಕೆ ಬಂದರು. ಅದೇ ತಿಂಗಳು ಇಂಗ್ಲೆಂಡಿನ ಎಕ್ಸೆಟರ್‌ನ ಶಾಲೆಯೊಂದರ ಹುಡುಗರೂ ಹೀಗೆಯೇ ಮಾಡಿದರು. ಓದಿ ನಾನು ಚಪ್ಪಾಳೆ ತಟ್ಟಿದೆ, ಆಮೇಲೆ ಕೊಂಚ ಪೆಚ್ಚಾದೆ. ಅವರು ಕೇಳಿದ್ದು ಚಡ್ಡಿಯನ್ನು. ಅಲ್ಲಿಯೂ ಲಂಗ ಕೆಲಸಕ್ಕೆ ಬಂದದ್ದು ಬಟ್ಟೆಯಾಗಿ ಅಲ್ಲ, ಘೋಷಣೆಯ ಫಲಕವಾಗಿ.

ಹೆಂಗಸರು ಪ್ಯಾಂಟನ್ನು ದಕ್ಕಿಸಿಕೊಂಡ ಬಗೆ ಹೀಗಲ್ಲ. ಪ್ಯಾರಿಸ್ಸಿನಲ್ಲಿ ಪೊಲೀಸರ ಅನುಮತಿಯಿಲ್ಲದೆ ಹೆಂಗಸರು ಪ್ಯಾಂಟು ಹಾಕಕೂಡದೆಂದು 1800ರಲ್ಲಿ ಹೊರಟ ಆಜ್ಞೆ ಸತ್ತಿದೆ ಎಂದು ಸರ್ಕಾರ ಒಪ್ಪಿಕೊಂಡದ್ದು 2013ರಲ್ಲಿ. ಅಷ್ಟರಲ್ಲಿ ಅದನ್ನು ನೆನಪಿಟ್ಟುಕೊಂಡವರೇ ಇರಲಿಲ್ಲ. ಸೈಕಲ್ ಬಂತು, ಯುದ್ಧಕಾಲದ ಕಾರ್ಖಾನೆಗಳು ಬಂದವು, ಕೆಲಸ ಸಲೀಸಾಗಲೆಂದು ಪ್ಯಾಂಟು ಬಂತು. ಗಂಡಸಿನ ಲಂಗಕ್ಕೆ ಅಂಥ ಕೆಲಸ ಇನ್ನೂ ಸಿಕ್ಕಿಲ್ಲ. ಜೊತೆಗೊಂದು ಕಹಿ ಲೆಕ್ಕವೂ ಇದೆ: ಪ್ಯಾಂಟು ಹಾಕಿದ ಹೆಂಗಸು ಮೇಲೇರಿದಳು ಎನ್ನುವ ಲೋಕ, ಲಂಗ ತೊಟ್ಟ ಗಂಡಸು ಕೆಳಗಿಳಿದ ಎನ್ನುತ್ತದೆ. ಈ ಏಣಿಯನ್ನು ಅಲ್ಲಿಂದ ತೆಗೆಯದೆ ಎಷ್ಟು ಚಂದದ ಲಂಗ ಹೊಲಿದರೂ ವ್ಯರ್ಥ.

ಆದ್ದರಿಂದ ವಿನ್ಯಾಸಕಾರರಲ್ಲಿ ನನ್ನದೊಂದು ಅರಿಕೆ. ದಯವಿಟ್ಟು ಜರಿ ಬೇಡ, ಗರಿ ಬೇಡ, ಕ್ರಾಂತಿ ಬೇಡ. ನೋಡಿದರೆ ಆಕಳಿಕೆ ಬರುವಂಥ ಬೂದು ಬಣ್ಣದ ಲಂಗವೊಂದನ್ನು ಹೊಲಿಯಿರಿ. ಮಂಡಿಯಿಂದ ನಾಲ್ಕು ಬೆರಳು ಕೆಳಗಿರಲಿ, ಗಾಳಿಗೆ ಹಾರದಷ್ಟು ತೂಕವಿರಲಿ, ಇಸ್ತ್ರಿ ಕೇಳದಿರಲಿ, ಕಾಲಗಲಿಸಿ ಕೂರುವ ಚಾಳಿಯವರಿಗೂ ಮಾನ ಉಳಿಯುವಷ್ಟು ಅಗಲವಿರಲಿ. ಮುಖ್ಯವಾಗಿ ಎರಡೂ ಬದಿಗೆ ಮೊಬೈಲು, ಬೀಗದ ಕೈ, ಪರ್ಸು ಎಲ್ಲ ಮುಳುಗುವಂಥ ಆಳದ ಜೇಬಿರಲಿ. ಹೆಂಗಸರು ತಲೆಮಾರುಗಳಿಂದ ಜೇಬು ಕೇಳಿ ಸೋತಿದ್ದಾರೆ. ಗಂಡಸಿಗೆ ಮಾತ್ರ ಕೇಳುವ ಮೊದಲೇ ಹೊಲಿದುಕೊಡುತ್ತಾರೆ, ಅದು ನನಗೆ ಗೊತ್ತು. ಅಂಥ ಲಂಗ ಮಾರುಕಟ್ಟೆಗೆ ಬಂದರೆ ಮೊದಲ ವಾರವೇ ಖಾಲಿಯಾದೀತು. ಕೊಂಡವರ ಹೆಸರು ಕೇಳಿ ನೋಡಿ, ಮುಕ್ಕಾಲು ಪಾಲು ಹೆಂಗಸರೇ ಇರುತ್ತಾರೆ.