ನಮ್ಮ ಕಿವಿಯೊಳಗಿನ ಮೀನಿನ ಎಲುಬು

ಮೀನಿನಿಂದ ಮನುಷ್ಯನವರೆಗಿನ ವಿಕಾಸದ ಕುರಿತ ನಿಮ್ಮ ಲೇಖನದಲ್ಲಿ, ಮೀನುಗಳು ನೀರಿನಿಂದ ನೆಲಕ್ಕೆ ಬರುವ ಹೊತ್ತಿನ ಟಿಕ್ಟಾಲಿಕ್ ಎಂಬ ಹಳೆಯ ಮೀನಿನ ಬಗ್ಗೆ ಚೆನ್ನಾಗಿ ಬರೆದಿದ್ದೀರಿ ಸರ್. ಆದರೆ ಕಥೆಯನ್ನು ಅಲ್ಲಿಂದ, ಅಂದರೆ 37.5 ಕೋಟಿ ವರ್ಷದ ಹಿಂದಿನಿಂದ ಶುರು ಮಾಡಿದ್ದು ಕೊರತೆ ಅನ್ನಿಸಿತು. ನಮ್ಮ ಮುಖ ಅದಕ್ಕಿಂತ ಹಳೆಯದು. ಚೀನಾದ ಯುನ್ನಾನ್‌ನಲ್ಲಿ ಸಿಕ್ಕ ಎಂಟೆಲೊಗ್ನಾಥಸ್ ಎಂಬ ಮೀನಿನ ಪಳೆಯುಳಿಕೆಯ ವಿವರ 2013ರಲ್ಲಿ ಹೊರಬಂತು. ಸುಮಾರು 41.9 ಕೋಟಿ ವರ್ಷ ಹಳೆಯದು. ಮೈಮೇಲೆ ಎಲುಬಿನ ಕವಚ, ಆದರೆ ದವಡೆಯಲ್ಲಿ ನಮಗಿರುವಂಥದ್ದೇ ಎಲುಬುಗಳು!

ನಮ್ಮ ಬಾಗಲಕೋಟೆಯಲ್ಲಿ ಆಲಮಟ್ಟಿ ಹಿನ್ನೀರಿನ ಮೀನು ಸಿಗುತ್ತದೆ. ಮೊನ್ನೆ ಭಾನುವಾರ ಮಗಳಿಗೆ ರೋಹು ತಲೆ ಬಿಡಿಸಿ ತೋರಿಸಿದೆ. ಕಿವಿರಿನ ಮುಚ್ಚಳ ಎತ್ತಿದರೆ ಕೆಂಪು ಬಾಚಣಿಗೆಯಂಥ ಎಳೆಗಳು. ಒಂದೊಂದು ಸಾಲಿಗೂ ಬಿಲ್ಲಿನಂತೆ ಬಾಗಿದ ಎಲುಬು. ಅದರ ಮುಂದೆ ದವಡೆಯನ್ನು ತಲೆಬುರುಡೆಗೆ ಜೋಡಿಸುವ ಗಟ್ಟಿ ಎಲುಬು. ನಮ್ಮ ಪೂರ್ವಜರಲ್ಲಿ ಇದೇ ಎಲುಬು ಕುಗ್ಗುತ್ತಾ ಕುಗ್ಗುತ್ತಾ ಕಿವಿಯೊಳಗೆ ಶಬ್ದ ದಾಟಿಸುವ ಪುಟ್ಟ ರಿಕಾಪು ಮೂಳೆ (ಸ್ಟೇಪಿಸ್) ಆಯಿತು. ಈಗ ಮೂರು ಮಿಲಿಮೀಟರ್ ಅಷ್ಟೇ. ಇದನ್ನು ನೀವು ಬರೆಯಲೇಬೇಕಿತ್ತು.

ಮಗಳು ತಕ್ಷಣ ಕೇಳಿದಳು, "ಬಾದಾಮಿ ಬಂಡೆಯಲ್ಲಿ ಇಂಥ ಮೀನು ಸಿಗುತ್ತದಾ ಅಪ್ಪಾ?" ಸಿಗಲ್ಲ. ಆ ಮರಳುಗಲ್ಲು ಮೀನು ಹುಟ್ಟುವ ಎಷ್ಟೋ ಮೊದಲೇ ಆಗಿದ್ದು. ಕಲಾದಗಿ ಕಡೆಯ ಕಲ್ಲಿನಲ್ಲಿ ಸೂಕ್ಷ್ಮಜೀವಿಗಳು ಕಟ್ಟಿದ ಪದರಗಳು ಮಾತ್ರ ಇವೆ. ಮುಂದಿನ ವಾರ ಅದನ್ನೇ ತೋರಿಸಲು ಕರೆದುಕೊಂಡು ಹೋಗುತ್ತೇನೆ.