ಕೆನ್ನೆಯ ಮೇಲಿನ ಇಂಟು-ಸೊನ್ನೆ

ಮೊನ್ನೆ ರಾತ್ರಿ ಊಟ ಮುಗಿಸಿ ಅಮ್ಮನ ಪಕ್ಕ ಕೂತು ಯೂಟ್ಯೂಬಲ್ಲಿ ಹಳೇ ಕಪ್ಪು-ಬಿಳುಪು ಸ್ಕಿಟ್ ಒಂದನ್ನ ನೋಡ್ತಿದ್ದೆ. ಜರ್ಮನ್ ಸೇನಾಧಿಕಾರಿ ಥರದವನೊಬ್ಬ ಸೆಟೆದು ನಿಂತಿದ್ದಾನೆ. ಕುಳ್ಳಗಿನ ಆಳೊಬ್ಬ ಅವನಿಗೆ ಕೋಟು ತೊಡಿಸಿ ಸಿಂಗರಿಸೋಕೆ ಒದ್ದಾಡ್ತಿದ್ದಾನೆ. ಸಾಹೇಬ್ರು ಬೈತಾನೇ ಇದ್ದಾರೆ.

"ಏನೋ ಅದು, ಯಾವ ಭಾಷೆ?" ಅಂದ್ರು ಅಮ್ಮ.

"ಯಾವ ಭಾಷೇನೂ ಅಲ್ಲಮ್ಮ. ಜರ್ಮನ್ ಥರ ಕೇಳಿಸೋ ಹಾಗೆ ಸುಮ್ನೆ ಬಡಬಡಿಸ್ತಿದ್ದಾನೆ."

"ಓಹೋ, ಅದಕ್ಕೇ ನಂಗೆ ಎಲ್ಲಾ ಅರ್ಥ ಆಗ್ತಿದೆ."

ಕೊನೆಗೆ ಆ ಮಹಾಶಯ ಠೀವಿಯಿಂದ ಹೊರಗೆ ಬಂದಾಗ ಗೊತ್ತಾಗುತ್ತೆ, ಆತ ಹೋಟೆಲ್ ಬಾಗಿಲು ಕಾಯೋನು. ಅಮ್ಮ ನಕ್ಕು ನಕ್ಕು ಕೆಮ್ಮು ಬಂದು ನೀರು ತರಿಸಿಕೊಂಡ್ರು.

ಆತನ ಹೆಸರು ಸಿಡ್ ಸೀಸರ್, ಅಮೆರಿಕದ ಹಾಸ್ಯನಟ. ನ್ಯೂಯಾರ್ಕ್ ಪಕ್ಕದ ಯಾಂಕರ್ಸ್‌ನವನು, 1922ರಲ್ಲಿ ಹುಟ್ಟಿದ್ದು. ಅಪ್ಪನದೊಂದು ಊಟದ ಹೋಟೆಲ್ ಇತ್ತು. ವಲಸೆ ಬಂದ ಕೂಲಿಕಾರರು ಒಂದೊಂದು ಮೇಜಿನಲ್ಲಿ ಒಂದೊಂದು ಭಾಷೆಯವರು ಕೂತು ಉಣ್ಣೋರು. ಹುಡುಗ ತಟ್ಟೆ ಎತ್ತುತ್ತಾ ಅವರ ಮಾತಿನ ಧಾಟಿಯನ್ನಷ್ಟೇ ಹಿಡಿದುಕೊಂಡ. ಅರ್ಥ ಬಿಟ್ಟು ರಾಗ ಮಾತ್ರ. ಇಟಾಲಿಯನ್, ಫ್ರೆಂಚ್, ರಷ್ಯನ್, ಜರ್ಮನ್ ಯಾವುದನ್ನು ಬೇಕಾದ್ರೂ ಒಂದು ಪದ ಸರಿಯಾಗಿ ಬಾರದೆಯೇ ನಿರರ್ಗಳವಾಗಿ "ಮಾತಾಡ್ತಿದ್ದ". ಮೊದಲು ಸ್ಯಾಕ್ಸೋಫೋನ್ ವಾದಕ ಆಗಿದ್ದವನು ಅನ್ನೋದು ತಿಳಿದ ಮೇಲೆ ನನಗೆ ಇದು ಸೋಜಿಗ ಅನ್ನಿಸಲಿಲ್ಲ.

ಈತ ಹೆಸರು ಮಾಡಿದ್ದು 'ಯುವರ್ ಶೋ ಆಫ್ ಶೋಸ್' ಕಾರ್ಯಕ್ರಮದಲ್ಲಿ. 1950ರ ಫೆಬ್ರುವರಿಯಿಂದ 1954ರ ಜೂನ್‌ವರೆಗೆ ಅಮೆರಿಕದ ಎನ್‌ಬಿಸಿ ಟಿವಿ ವಾಹಿನಿಯಲ್ಲಿ, ಶನಿವಾರ ರಾತ್ರಿ ಒಂಬತ್ತಕ್ಕೆ, ನ್ಯೂಯಾರ್ಕ್‌ನಿಂದ ನೇರಪ್ರಸಾರ. ಒಂದೂವರೆ ಗಂಟೆ. ವರ್ಷಕ್ಕೆ 39 ವಾರ. ಪ್ರಹಸನ, ಬ್ಯಾಲೆ, ಮಾರ್ಗರೀಟ್ ಪಿಯಾಜಾ ಅವರ ಒಪೆರಾ ಗಾಯನ, ಮತ್ತೆ ಪ್ರಹಸನ. ಎದುರಿಗೆ ಜೀವಂತ ಪ್ರೇಕ್ಷಕರು, ನಗು ಅವರದ್ದೇ. ಮಾತು ಮರೆತರೆ ನೋಡಿಕೊಳ್ಳೋಕೆ ಕ್ಯೂ ಕಾರ್ಡ್ ಇಲ್ಲ. ನಿರ್ಮಾಪಕ ಮ್ಯಾಕ್ಸ್ ಲೀಬ್‌ಮನ್ ಹಿಂದೆ ಪೆನ್ಸಿಲ್ವೇನಿಯಾದ ಪೊಕೊನೊ ಬೆಟ್ಟಸಾಲಿನ ಟ್ಯಾಮಿಮೆಂಟ್ ಅನ್ನೋ ಬೇಸಿಗೆ ವಿಹಾರಧಾಮದಲ್ಲಿ ವಾರಕ್ಕೊಂದು ಹೊಸ ಪ್ರದರ್ಶನ ಕಟ್ಟಿ ಪಳಗಿದ್ದವರು. ಆ ಹುಚ್ಚನ್ನೇ ಟಿವಿಗೂ ತಂದ್ರು.

ಇದಕ್ಕೂ ಮುಂಚೆ, 1949ರಲ್ಲಿ, ಇದೇ ಬಳಗದ ಇನ್ನೊಂದು ಶೋ ಇತ್ತು. ಪ್ರಾಯೋಜಕರು ಟಿವಿ ಸೆಟ್ ಮಾಡುವ ಅಡ್ಮಿರಲ್ ಕಂಪನಿ. ಶೋ ಗೆದ್ದಿದ್ದರಿಂದಲೇ ನಿಂತುಹೋಯ್ತು! ಸೆಟ್‌ಗಳಿಗೆ ಬೇಡಿಕೆ ಎಷ್ಟು ಏರಿತು ಅಂದ್ರೆ, ಶೋಗೆ ಹಾಕೋ ದುಡ್ಡನ್ನ ಕಾರ್ಖಾನೆಗೆ ಹಾಕ್ತೀವಿ ಅಂದ್ರಂತೆ. ಸೀಸರ್ ಇದನ್ನ ಹೇಳಿಕೊಂಡು ನಗ್ತಿದ್ದ.

ಈಗ ನನ್ನ ತಕರಾರಿಗೆ ಬರ್ತೀನಿ. ಆ ಕಾಲದ ಬಗ್ಗೆ ಬರೆಯೋರೆಲ್ಲ "ಲೈವ್ ಆಗಿತ್ತು, ಅದಕ್ಕೇ ಅಷ್ಟು ಚೆನ್ನಾಗಿತ್ತು" ಅಂತಾರೆ. ನಾನು ಒಪ್ಪಲ್ಲ. ಲೈವ್ ಅನ್ನೋದು ಅವರ ಆಯ್ಕೆಯೇ ಆಗಿರಲಿಲ್ಲ. ವಿಡಿಯೋ ಟೇಪ್ ಪ್ರಸಾರಕ್ಕೆ ಬಂದಿದ್ದೇ 1956ರಲ್ಲಿ. ಅಲ್ಲಿವರೆಗೆ ನೇರಪ್ರಸಾರವನ್ನ ಉಳಿಸಿಕೊಳ್ಳೋಕೆ ಇದ್ದ ಉಪಾಯ ಅಂದ್ರೆ ಟಿವಿ ಪರದೆಯ ಮುಂದೆ ಫಿಲ್ಮ್ ಕ್ಯಾಮೆರಾ ಇಟ್ಟು ಚಿತ್ರೀಕರಿಸಿಕೊಳ್ಳೋದು, ಕಿನೆಸ್ಕೋಪ್. ನಾವೀಗ ನೋಡೋ ಮಂಕು ಮಂಕು ಚಿತ್ರಗಳು ಅವೇ. ನೇರಪ್ರಸಾರ ಆಗ ಹೆಚ್ಚಿನವರ ಹಣೆಬರಹ, ಅದರಲ್ಲಿ ಬಹುಪಾಲು ಯಾರಿಗೂ ನೆನಪಿಲ್ಲ.

ನನ್ನ ಪ್ರಕಾರ ಗುಟ್ಟು ಇದ್ದದ್ದು ಬರಹಗಾರರ ಕೋಣೆಯಲ್ಲಿ. ಮೆಲ್ ಟೋಲ್ಕಿನ್, ಲೂಸಿಲ್ ಕ್ಯಾಲನ್, ಮೆಲ್ ಬ್ರೂಕ್ಸ್, ನೀಲ್ ಸೈಮನ್ ಮತ್ತವರ ಅಣ್ಣ ಡ್ಯಾನಿ. ಕಿರುಚಾಟ, ಸಿಗಾರ್ ಹೊಗೆ. ಆ ಕೋಣೆಯಲ್ಲಿದ್ದ ಒಬ್ಬಳೇ ಹೆಂಗಸು ಕ್ಯಾಲನ್, ತನ್ನ ಮಾತು ಕೇಳಿಸಬೇಕಾದ್ರೆ ಮೇಜಿನ ಮೇಲೆ ಹತ್ತಿ ಸ್ವೆಟರ್ ಬೀಸಬೇಕಾಗ್ತಿತ್ತು. (ಸಿನಿಮಾ ನಿರ್ದೇಶಕ ವುಡಿ ಅಲನ್ ಕೂಡ ಇಲ್ಲಿದ್ರು ಅಂತ ವಾಟ್ಸಾಪ್ ಪಂಡಿತರು ಹೇಳ್ತಾರೆ. ಇಲ್ಲ ಸ್ವಾಮಿ, ಅವರು ಸೀಸರ್‌ಗೆ ಬರೆದದ್ದು 1958ರಲ್ಲಿ, ಬೇರೆ ಕಾರ್ಯಕ್ರಮಕ್ಕೆ.) ಈ ಕೋಣೆಯವರು ಜೋಕ್ ಬರೀತಿರಲಿಲ್ಲ, ಪಾತ್ರ ಬರೀತಿದ್ರು.

ಉದಾಹರಣೆಗೆ 1954ರ 'ದಿಸ್ ಈಸ್ ಯುವರ್ ಸ್ಟೋರಿ'. ಆಗ ಜನಪ್ರಿಯವಾಗಿದ್ದ, ಯಾರನ್ನೋ ವೇದಿಕೆಗೆ ಎಳೆದು ತಂದು, ಹಳೇ ನೆಂಟರನ್ನ ಎದುರಿಗೆ ನಿಲ್ಲಿಸಿ ಅಳಿಸೋ ಕಾರ್ಯಕ್ರಮದ ಅಣಕು ಅದು. ನಿರೂಪಕ ಕಾರ್ಲ್ ರೈನರ್ ಪ್ರೇಕ್ಷಕರ ನಡುವೆ ಕೂತ ಸೀಸರ್‌ನನ್ನು ಹೆಸರು ಹಿಡಿದು ಕರೀತಾನೆ. ಸೀಸರ್‌ಗೆ ಈ ಭಾಗ್ಯ ಬೇಡವೇ ಬೇಡ, ಓಡ್ತಾನೆ! ಹಿಡಿದು ಹೊತ್ಕೊಂಡು ಬರಬೇಕು. ಆಮೇಲೆ ಬರ್ತಾನೆ ನೋಡಿ ಗೂಪಿ ಮಾವ, ಅಂದ್ರೆ ಹೊವರ್ಡ್ ಮೋರಿಸ್. ಅಳ್ತಾ ಬಂದು ಕೋತಿಮರಿ ಥರ ಸೀಸರ್‌ಗೆ ಅಂಟಿಕೊಂಡ್ರೆ ಬಿಡಿಸೋಕೇ ಆಗಲ್ಲ. ಬಿಡಿಸಿ ಕೂರಿಸಿದ್ರೆ ಮತ್ತೆ ಬಂದು ಕಾಲಿಗೆ ಜೋತು ಬೀಳ್ತಾನೆ. ಸೀಸರ್ ನಡೆದರೆ ಮಾವನೂ ನೆಲದ ಮೇಲೆ ಜಾರುತ್ತಾ ಬರ್ತಾನೆ. ನಮ್ಮ ಮದುವೆಮನೆಗಳಲ್ಲಿ ಇಂಥ ಮಾವಂದಿರನ್ನ ಎಷ್ಟು ನೋಡಿಲ್ಲ.

ಶೋನಲ್ಲಿ ಸೀಸರ್‌ಗೆ ಜೋಡಿಯಾಗಿದ್ದ ನಟಿ ಇಮೋಜೀನ್ ಕೋಕಾ ಬಗ್ಗೆ ಹೇಳದಿದ್ರೆ ಪಾಪ ಸುತ್ತಿಕೊಳ್ಳುತ್ತೆ. ದೊಡ್ಡ ಕಣ್ಣು, ಪುಟ್ಟ ದೇಹ, ನೃತ್ಯ ಬಲ್ಲವರು. ಗಂಡ ಹೆಂಡತಿ ಜಗಳದ ಪ್ರಹಸನದಲ್ಲಿ ಸೀಸರ್ ಸಿಡಿದರೆ ಕೋಕಾ ಹುಬ್ಬು ಏರಿಸ್ತಾರೆ, ಅಷ್ಟೇ. ಆ ಹುಬ್ಬೇ ಗೆಲ್ಲುತ್ತೆ. 1954ರಲ್ಲಿ ಎನ್‌ಬಿಸಿ ಇವರಿಬ್ಬರನ್ನೂ ಲೀಬ್‌ಮನ್‌ರನ್ನೂ ಬೇರೆ ಬೇರೆ ಮಾಡಿ ಒಬ್ಬೊಬ್ಬರಿಗೆ ಒಂದೊಂದು ಕಾರ್ಯಕ್ರಮ ಕೊಟ್ಟಿತು. ಒಂದರಿಂದ ಮೂರು ಲಾಭ ಅಂದುಕೊಂಡ್ರು. ಕೋಕಾ ಅವರದ್ದು ಒಂದೇ ವರ್ಷಕ್ಕೆ ಮುಗೀತು. ಕೂಡಿ ಕೆಲಸ ಮಾಡೋ ಎತ್ತಿನ ಜೋಡಿ ಮುರಿದರೆ ಏನಾಗುತ್ತೆ ಅಂತ ರೈತರನ್ನ ಕೇಳಬೇಕಿತ್ತು.

ಸೀಸರ್ ಕತೆಯೂ ಸುಖದ್ದಲ್ಲ. ವಾರ ವಾರದ ಆ ಒತ್ತಡವನ್ನ ಕುಡಿತ, ಮಾತ್ರೆಗಳಲ್ಲಿ ಮುಳುಗಿಸಿದ. ಸುಮಾರು 20 ವರ್ಷ ಹಾಗೇ ಹೋಯ್ತು ಅಂತ 1982ರ ಆತ್ಮಕಥೆಯಲ್ಲಿ ತಾನೇ ಬರೆದುಕೊಂಡ. ಹಾಗಾಗಿ "ಆ ಕಾಲವೇ ಚೆಂದ" ಅನ್ನೋಕೆ ನನಗೆ ಬಾಯಿ ಬರಲ್ಲ.

ಆದ್ರೆ ಒಂದು ವಿಷಯದಲ್ಲಿ ಹೊಟ್ಟೆಕಿಚ್ಚು ಇದೆ. ಈಗಿನ ನಮ್ಮ ಕಾಮಿಡಿ ಶೋಗಳಲ್ಲಿ ಎಡವಟ್ಟಾದ್ರೆ ಕತ್ತರಿಸಿ ಪಕ್ಕಕ್ಕಿಡ್ತಾರೆ, ಆಮೇಲೆ ಅದನ್ನೇ ಬ್ಲೂಪರ್ಸ್ ಅಂತ ಬೇರೆ ಹಾಕ್ತಾರೆ. ನಗುವನ್ನೂ ಸೌಂಡ್ ಎಫೆಕ್ಟಲ್ಲಿ ಅಂಟಿಸ್ತಾರೆ. ಯಕ್ಷಗಾನದ ಒಳ್ಳೇ ಹಾಸ್ಯಗಾರ ಹಾಗೆ ಮಾಡಲ್ಲ. ರಂಗಸ್ಥಳಕ್ಕೆ ನಾಯಿ ನುಗ್ಗಿದ್ರೆ ಅದನ್ನೂ ಪ್ರಸಂಗದ ಪಾತ್ರ ಮಾಡಿಬಿಡ್ತಾನೆ.

1955ರಲ್ಲಿ, ಸೀಸರ್‌ನ ಮುಂದಿನ ಶೋನಲ್ಲಿ, ಒಂದು ಇಟಾಲಿಯನ್ ಒಪೆರಾದ ಅಣಕು. ಎದೆಯೊಡೆದ ವಿದೂಷಕನಾಗಿ ಸೀಸರ್ ಕನ್ನಡಿ ಮುಂದೆ ಕೂತು ಹುಸಿ ಇಟಾಲಿಯನ್‌ನಲ್ಲಿ ಗೋಳಾಡ್ತಾ ಹಾಡ್ತಿದ್ದಾನೆ. ಕೆನ್ನೆಯ ಮೇಲೆ ಒಂದು ಕಣ್ಣೀರ ಹನಿ ಬರೀಬೇಕು. ಬಣ್ಣದ ಪೆನ್ಸಿಲ್ ಪಟ್ ಅಂತ ಮುರೀತು. ದೇಶವೇ ನೋಡ್ತಿದೆ. ಹಾಡು ನಿಲ್ಲಲಿಲ್ಲ. ಕೆನ್ನೆ ಮೇಲೆ ಉದ್ದಕ್ಕೆರಡು, ಅಡ್ಡಕ್ಕೆರಡು ಗೆರೆ ಎಳೆದ. ಒಂದು ಇಂಟು, ಒಂದು ಸೊನ್ನೆ, ಮತ್ತೊಂದು ಇಂಟು. ಶಾಲೆಯಲ್ಲಿ ನೋಟ್‌ಬುಕ್ಕಿನ ಕೊನೇ ಪುಟದಲ್ಲಿ ನಾವಾಡ್ತಿದ್ದ ಅದೇ ಆಟ, ಅದೇ ದುಃಖದ ರಾಗದಲ್ಲಿ.

ಇದನ್ನ ಅಮ್ಮನಿಗೆ ಇನ್ನೂ ತೋರಿಸಿಲ್ಲ. ಇವತ್ತು ರಾತ್ರಿ, ಪಕ್ಕದಲ್ಲಿ ನೀರಿನ ಚೊಂಬು ಇಟ್ಟುಕೊಂಡು.